ಎರಡನೇ ಗಂಟೆಗೂ ಹೊಂದುವ ಚಡ್ಡಿ: ದೂರದ ಓಟಕ್ಕೆ ಶಾರ್ಟ್ಸ್ ಆರಿಸುವ ಕ್ರಮ

5 ಕಿಲೋಮೀಟರ್ ಓಡುವುದಕ್ಕೆ ಯಾವ ಚಡ್ಡಿಯಾದರೂ ಆದೀತು. 20 ದಾಟುವ ಓಟಕ್ಕೆ ಆ ಮಾತು ನಡೆಯುವುದಿಲ್ಲ. ನಿಮಿಷಕ್ಕೆ 170 ಹೆಜ್ಜೆ ಎಂದು ಹಿಡಿದರೆ, ನಾಲ್ಕು ಗಂಟೆಯಲ್ಲಿ ಮುಗಿಯುವ ಮ್ಯಾರಥಾನ್‌ನಲ್ಲಿ 40 ಸಾವಿರಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ. ಒಳತೊಡೆಯ ಮೇಲೆ ತಪ್ಪು ಜಾಗದಲ್ಲಿ ಕೂತ ಹೊಲಿಗೆ ಹೆಜ್ಜೆ ಹೆಜ್ಜೆಗೂ ಅದೇ ಚರ್ಮವನ್ನು ಸವರುತ್ತಿರುತ್ತದೆ. ಮೊದಲ ಅರ್ಧ ಗಂಟೆ ಚರ್ಮ ಒಣಗಿರುತ್ತದೆ, ಬಟ್ಟೆ ಅದರ ಮೇಲೆ ಜಾರುತ್ತದೆ, ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೆವರು ಇಳಿದು ಚರ್ಮ ಮೆತ್ತಗಾಗುತ್ತದೆ. ತೇವ ಹಿಡಿದ ಚರ್ಮಕ್ಕೂ ಬಟ್ಟೆಗೂ ನಡುವೆ ಉಜ್ಜಾಟ ಹೆಚ್ಚು. ಬೆವರಿನ ನೀರು ಆರಿದಂತೆಲ್ಲ ಉಳಿದ ಉಪ್ಪಿನ ಹರಳು ಮರಳುಕಾಗದದ ಕೆಲಸ ಮಾಡುತ್ತದೆ. ಹಾಗಾಗಿ ಶಾರ್ಟ್ಸ್ ಕೈಗೆತ್ತಿಕೊಂಡಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಪೂರ್ತಿ ನೆಂದು, ತೂಕ ಏರಿ, ಜೇಬಿನಲ್ಲಿ ಸಾಮಾನು ಹೊತ್ತು, ಎರಡನೇ ಗಂಟೆಯಲ್ಲೂ ಇದು ತನ್ನ ಜಾಗದಲ್ಲೇ ಇರುತ್ತದೆಯೇ? ಒಣ ಚಡ್ಡಿ ತೊಟ್ಟು ಕನ್ನಡಿ ಮುಂದೆ ನಿಂತರೆ ಇದಕ್ಕೆ ಉತ್ತರ ಸಿಗದು. ಅಳತೆ, ಒಣ ಪರೀಕ್ಷೆ, ಒದ್ದೆ ಪರೀಕ್ಷೆ, ಉದ್ದ ಓಟ, ಈ ಕ್ರಮದಲ್ಲಿ ಹೋದರೆ ಸಿಗುತ್ತದೆ.

ಹೊಸದನ್ನು ಹುಡುಕುವ ಮೊದಲು ಈಗ ಇರುವುದು ಎಲ್ಲಿ ಕಾಡುತ್ತಿದೆ ಎಂದು ನೋಡಿಕೊಳ್ಳಬೇಕು. ಒಂದೂವರೆ ಗಂಟೆ ಮೀರಿದ ಓಟ ಮುಗಿಸಿ ಸ್ನಾನಕ್ಕೆ ನಿಂತಾಗ, ನೀರು ಬಿದ್ದ ಕೂಡಲೇ ಉರಿಯುವ ಜಾಗಗಳೇ ಎಲ್ಲ ಹೇಳಿಬಿಡುತ್ತವೆ. ತೊಡೆಸಂದಿನ ಮಡಿಕೆಯಲ್ಲಿ ಗೆರೆ ಎಳೆದಂತೆ ಕೆಂಪಾಗಿದ್ದರೆ ಲೈನರ್‌ನ, ಅಂದರೆ ಒಳಪದರದ, ಕಾಲಿನ ಎಲಾಸ್ಟಿಕ್ ಬಿಗಿಯಾಗಿದೆ. ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕೆಳಗೆ, ಎರಡೂ ತೊಡೆಗಳಲ್ಲಿ ಅಗಲಕ್ಕೆ ಕೆಂಪಾಗಿದ್ದರೆ ಚರ್ಮಕ್ಕೆ ಚರ್ಮ ಉಜ್ಜಿದೆ. ಬಟ್ಟೆ ಅಲ್ಲಿಯವರೆಗೆ ಬರುತ್ತಿಲ್ಲ, ಇಲ್ಲವೇ ಬಂದದ್ದು ಮೇಲೇರಿಹೋಗಿದೆ. ಒಂದೇ ತೊಡೆಯಲ್ಲಿ ಸಣ್ಣ ಗುರುತಾಗಿದ್ದರೆ ಹೊಲಿಗೆಯ ಗಂಟೋ ಕತ್ತರಿಸದೆ ಬಿಟ್ಟ ದಾರದ ತುದಿಯೋ ಇರುತ್ತದೆ. ಹೊಕ್ಕುಳ ಕೆಳಗೆ ನಟ್ಟನಡುವೆ ಗಾಯವಾದರೆ ಅದು ಲಾಡಿಯ ಗಂಟಿನದು. ಬೆನ್ನೆಲುಬಿನ ತುದಿಯಲ್ಲಿ ತರಚಿದ್ದರೆ ಹಿಂದಿನ ಜೇಬಿನ ಜಿಪ್, ಲೇಬಲ್ ಅಥವಾ ಹಿಂಬದಿಯ ನಡುಹೊಲಿಗೆ. ಸೊಂಟದ ಎರಡು ಪಕ್ಕಗಳಲ್ಲಿ ಮಾತ್ರ ಗುರುತಿದ್ದರೆ, ಪಕ್ಕದ ಹೊಲಿಗೆ ಸೊಂಟದ ಪಟ್ಟಿಗೆ ಬಂದು ಸೇರುವ ದಪ್ಪ ಜಾಗ. ಇಷ್ಟನ್ನು ಬರೆದಿಟ್ಟುಕೊಂಡರೆ ಹೊಸದರಲ್ಲಿ ಏನು ನೋಡಬೇಕೆಂಬುದು ಅರ್ಧ ತೀರ್ಮಾನವಾದಂತೆ. ಎಲ್ಲೇ ಉರಿದರೂ “ಈ ಸಲ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳೋಣ” ಎನ್ನುವವರು ಬಹಳ. ಲಾಡಿಯ ಗಂಟಿನಿಂದಾದ ಗಾಯಕ್ಕೆ ದೊಡ್ಡ ಸೈಜ್ ಏನು ಮಾಡೀತು? ಸೊಂಟ ಸಡಿಲವಾಗಿ, ಲಾಡಿಯನ್ನು ಇನ್ನೂ ಬಿಗಿದು, ಗಂಟು ಇನ್ನೂ ಒತ್ತುತ್ತದೆ.

ಅಳತೆಗೆ ದರ್ಜಿಗಳು ಬಳಸುವ ಟೇಪು ಬೇಕು. ಸೊಂಟವನ್ನು ಹೊಕ್ಕುಳ ಮಟ್ಟದಲ್ಲಿ ಅಳೆದು ಬಿಡುವುದು ರೂಢಿ. ಆದರೆ ಓಟದ ಶಾರ್ಟ್ಸ್‌ನ ಪಟ್ಟಿ ಬಹಳ ಜನಕ್ಕೆ ಅದಕ್ಕಿಂತ ಎರಡು ಮೂರು ಬೆರಳು ಕೆಳಗೆ ಕೂರುತ್ತದೆ. ಪಟ್ಟಿ ಎಲ್ಲಿ ಕೂರುತ್ತದೋ ಅಲ್ಲಿಯ ಅಳತೆಯೇ ಬೇಕು. ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆಯದೆ ಸುಮ್ಮನೆ ನಿಂತು ಅಳೆಯಿರಿ. ಎರಡನೆಯದು, ಹಿಂಬದಿ ಅತ್ಯಂತ ಅಗಲವಿರುವ ಕಡೆಯ ಸುತ್ತಳತೆ. ಮೂರನೆಯದು ತೊಡೆಯ ಸುತ್ತಳತೆ, ತೊಡೆಸಂದಿನಿಂದ ಸುಮಾರು 5 ಸೆಂಟಿಮೀಟರ್ ಕೆಳಗೆ. ನಾಲ್ಕನೆಯದು ಸೈಜ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸದ ಅಳತೆ, ನನ್ನ ಮಟ್ಟಿಗೆ ಅದೇ ದೊಡ್ಡದು: ಪಾದಗಳನ್ನು ಸೊಂಟದಗಲಕ್ಕೆ ಇಟ್ಟು ನಿಂತಾಗ ತೊಡೆಗಳು ಒಂದಕ್ಕೊಂದು ತಾಗುವುದು ತೊಡೆಸಂದಿನಿಂದ ಎಷ್ಟು ಕೆಳಗಿನವರೆಗೆ? ಕೆಲವರಿಗೆ ತಾಗುವುದೇ ಇಲ್ಲ. ಕೆಲವರಿಗೆ 8 ಸೆಂಟಿಮೀಟರ್, ಕೆಲವರಿಗೆ 15. ಓಡುವಾಗ ಮಾಂಸ ಅಲುಗುವುದರಿಂದ ಇನ್ನೆರಡು ಮೂರು ಸೆಂಟಿಮೀಟರ್ ಸೇರಿಸಿಕೊಳ್ಳಿ. ಈ ಒಂದು ಅಳತೆ ಗೊತ್ತಿದ್ದರೆ ಯಾವ ಬಗೆಯ ಶಾರ್ಟ್ಸ್ ಎಂಬ ಪ್ರಶ್ನೆ ಬಹುಪಾಲು ಬಗೆಹರಿಯುತ್ತದೆ.

ಸೈಜ್ ಪಟ್ಟಿ ಓದುವಾಗ ಅಲ್ಲಿರುವುದು ಮೈ ಅಳತೆಯೋ ಬಟ್ಟೆಯ ಅಳತೆಯೋ ಎಂದು ಮೊದಲು ನೋಡಬೇಕು. “ಸೊಂಟ 76–81 ಸೆಂ.ಮೀ.” ಎಂಬಂತೆ ಒಂದು ವ್ಯಾಪ್ತಿ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ಮೈ ಅಳತೆ. “ಸೊಂಟ 36 ಸೆಂ.ಮೀ., ಹಿಗ್ಗಿಸಿದಾಗ 50” ಎಂದಿದ್ದರೆ ಬಟ್ಟೆಯನ್ನು ಮಟ್ಟಸವಾಗಿ ಹಾಸಿ ಅಳೆದದ್ದು. ಎರಡರಿಂದ ಗುಣಿಸಿ, 72ರಿಂದ 100 ಎಂದು ಓದಿಕೊಳ್ಳಬೇಕು. ತೊಟ್ಟಾಗ ಸೊಂಟದ ಪಟ್ಟಿ ತನ್ನ ಅಳತೆಯ ಹತ್ತರಲ್ಲೊಂದು ಪಾಲಿನಷ್ಟು ಹಿಗ್ಗಿದ್ದರೆ ಹಿಡಿತವೂ ಇರುತ್ತದೆ, ಒತ್ತುವುದೂ ಇಲ್ಲ ಎಂಬುದು ನನ್ನ ಲೆಕ್ಕ. ಎರಡು ಸೈಜ್‌ಗಳ ನಡುವೆ ಸಿಕ್ಕಿಕೊಂಡರೆ ಸಡಿಲ ಶಾರ್ಟ್ಸ್‌ನಲ್ಲಿ ಒಳಪದರದ ಮಾತು ಕೇಳಿ: ಅದು ಬಿಗಿಯಾದರೆ ದೊಡ್ಡದು. ಮೈಗಂಟುವ ಬಗೆಯಲ್ಲಿ ಉಲ್ಟಾ. ಅಲ್ಲಿ ಸಡಿಲವೇ ಶತ್ರು, ತೊಡೆಯಲ್ಲಿ ಒಂದು ಸುಕ್ಕು ಬಿದ್ದರೂ ಆ ಸುಕ್ಕೇ ಉಜ್ಜುತ್ತದೆ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಚಿಕ್ಕದನ್ನೇ ತೆಗೆದುಕೊಳ್ಳಬಹುದು.

ಇನ್ನು ಉದ್ದ. ಇನ್‌ಸೀಮ್ ಎಂದು ಸೈಜ್ ಪಟ್ಟಿಯಲ್ಲಿ ಬರೆದಿರುವುದು ತೊಡೆಸಂದಿನಲ್ಲಿ ಹೊಲಿಗೆ ಕೂಡುವ ಬಿಂದುವಿನಿಂದ ಕಾಲಿನ ಒಳ ಅಂಚಿನವರೆಗಿನ ಉದ್ದ. 2–3 ಇಂಚಿನವು ರೇಸ್‌ಗೆಂದು ಮಾಡಿದವು. ಪಕ್ಕದ ಹೊಲಿಗೆ ಮೇಲಿನವರೆಗೂ ತೆರೆದು ಒಂದರ ಮೇಲೊಂದು ಹಾಯುವ ಸ್ಪ್ಲಿಟ್ ಶಾರ್ಟ್ಸ್ ಈ ಗುಂಪಿಗೆ ಸೇರಿದವು. 5 ಇಂಚು ಹೆಚ್ಚು ಜನ ತೊಡುವ ಉದ್ದ. 7 ಇಂಚು ತೊಡೆಯ ಅರ್ಧ ಮುಚ್ಚುತ್ತದೆ. 9 ಇಂಚಿನ ಸಡಿಲ ಚಡ್ಡಿ ನೋಡುವುದಕ್ಕೆ ಮರ್ಯಾದೆಯಾಗಿದ್ದರೂ ನೆಂದ ಮೇಲೆ ಮಂಡಿ ಎತ್ತಿದಾಗೆಲ್ಲ ತೊಡೆಯ ಮುಂಭಾಗಕ್ಕೆ ಅಂಟಿ ಎಳೆಯುತ್ತದೆ. ಆ ಎಳೆತ ಸಣ್ಣದೇ, ಆದರೆ ಅಷ್ಟು ಸಾವಿರ ಸಲ.

ಉದ್ದದಷ್ಟೇ ಮುಖ್ಯ ಕಾಲಿನ ಅಗಲ. ಚಡ್ಡಿಯನ್ನು ಹಾಸಿ ಕೆಳ ಅಂಚನ್ನು ಅಳೆದು ಎರಡರಿಂದ ಗುಣಿಸಿ. ಸಡಿಲ ಬಗೆಯಾದರೆ ಅದು ತೊಡೆಯ ಸುತ್ತಳತೆಗಿಂತ 8–10 ಸೆಂಟಿಮೀಟರ್‌ನಷ್ಟಾದರೂ ಹೆಚ್ಚಿರಲಿ. ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್‌ನ ಸಣ್ಣ ಸೀಳು ಇದ್ದರೆ ಅಗಲ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ, ತೊಡೆ ಮುಂದೆ ಹೋದಾಗ ಸೀಳು ಬಾಯಿ ತೆರೆದು ಜಾಗ ಬಿಡುತ್ತದೆ.

ಚಡ್ಡಿ ಮೇಲೇರುವುದು ಹೇಗೆ ಎಂಬುದನ್ನು ಒಮ್ಮೆ ಹತ್ತಿರದಿಂದ ಗಮನಿಸಿದರೆ ಆಯ್ಕೆ ಸುಲಭ. ನೆಂದ ಬಟ್ಟೆಯ ಒಳ ಅಂಚಿನ ಮುಂಭಾಗ ಎರಡು ತೊಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದು ಕಾಲು ಹಿಂದೆ ಹೋಗುವಾಗ ಇನ್ನೊಂದು ಮುಂದೆ ಬರುತ್ತದೆ. ನಡುವೆ ಸಿಕ್ಕಿದ ಬಟ್ಟೆ ಪ್ರತಿ ಸಲವೂ ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ. ತೊಡೆಸಂದಿನ ಕಡೆ ಅಡ್ಡಿಯಿಲ್ಲ, ಕೆಳಗಿನಿಂದ ಹಿಡಿದಿಡುವುದೂ ಏನೂ ಇಲ್ಲ, ಹಾಗಾಗಿ ಮೇಲೇರಿದ್ದು ಇಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ಒಳಭಾಗ ಮುದುಡಿ ಉಂಡೆಯಾಗಿ, ಹೊರಭಾಗ ಮಾತ್ರ ಸರಿಯಾದ ಉದ್ದದಲ್ಲಿ ನೇತಾಡುತ್ತಿರುತ್ತದೆ. ಉದ್ದ ಹೆಚ್ಚಿಸಿದರೆ ಸಿಕ್ಕಿಕೊಳ್ಳುವ ಬಟ್ಟೆ ಹೆಚ್ಚುತ್ತದೆ, ಅಷ್ಟೇ. ತೊಡೆಗಳು ತಾಗುವವರಿಗೆ ಸಡಿಲ ಬಟ್ಟೆಯೊಂದರಿಂದಲೇ ಇದನ್ನು ತಡೆಯುವುದು ಕಷ್ಟ. ಚರ್ಮಕ್ಕೆ ಅಂಟಿ ನಿಲ್ಲುವ ಪದರವೊಂದು ತಾಗುವ ಜಾಗವನ್ನು ದಾಟಿ ಕೆಳಗಿಳಿಯಬೇಕು: ತೊಡೆಯನ್ನು ಬಿಗಿಯಾಗಿ ಹಿಡಿಯುವ ಗಿಡ್ಡ ಹಾಫ್ ಟೈಟ್ಸ್, ಇಲ್ಲವೇ ಒಳಗೆ ಮೈಗಂಟುವ ಪದರ, ಹೊರಗೆ ಸಡಿಲ ಬಟ್ಟೆ ಇರುವ ಟು-ಇನ್-ಒನ್. ತಾಗುವ ಉದ್ದ 10 ಸೆಂಟಿಮೀಟರ್ ಇದ್ದರೆ ಒಳಪದರದ ಇನ್‌ಸೀಮ್ ಕನಿಷ್ಠ 13 ಸೆಂಟಿಮೀಟರ್, ಅಂದರೆ 5 ಇಂಚು ಇರಲಿ. ಟು-ಇನ್-ಒನ್‌ನ ವಿವರದಲ್ಲಿ ಬರೆದ ಇನ್‌ಸೀಮ್ ಸಾಮಾನ್ಯವಾಗಿ ಹೊರ ಪದರದ್ದಾಗಿರುತ್ತದೆ ಎಂಬುದನ್ನು ಮರೆಯಬೇಡಿ, ಒಳಗಿನದನ್ನು ಟೇಪು ಹಿಡಿದೇ ನೋಡಬೇಕು. ತೊಡೆ ತಾಗದವರಿಗೆ ಇಷ್ಟೆಲ್ಲ ಬೇಡ. 3–5 ಇಂಚಿನ ಹಗುರ ಚಡ್ಡಿಯೇ ಅವರಿಗೆ ಅತ್ಯಂತ ಸುಖ, ಬೇಗ ಆರುವುದೂ ಅದೇ.

ಒಳಪದರವಿದ್ದರೆ ಅದೇ ಒಳಚಡ್ಡಿ. ಅದರೊಳಗೆ ಇನ್ನೊಂದು ಹತ್ತಿಯ ಒಳಚಡ್ಡಿ ತೊಟ್ಟರೆ ಎರಡು ಎಲಾಸ್ಟಿಕ್ ಅಂಚುಗಳು ತೊಡೆಸಂದಿನಲ್ಲಿ ಒಂದರ ಮೇಲೊಂದು ಕೂರುತ್ತವೆ, ಹತ್ತಿ ಬೆವರು ಕುಡಿದು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿ ಓಡುವವರ ಉರಿಗೆ ನಾನು ಕಂಡಂತೆ ಇದೇ ಮೊದಲ ಕಾರಣ. ಜಾಲರಿಯ ಬ್ರೀಫ್ ಬಗೆಯ ಒಳಪದರ ಗಾಳಿಯಾಡಲು ಒಳ್ಳೆಯದು, ಆದರೆ ಅದರ ಕಾಲಿನ ಅಂಚು ಸರಿಯಾಗಿ ತೊಡೆಸಂದಿನ ಮಡಿಕೆಯಲ್ಲೇ ಹಾಯುತ್ತದೆ. ಅಂಚು ಮಡಚಿ ದಪ್ಪಗೆ ಹೊಲಿದಿದ್ದರೆ ಬಿಡಿ. ಮೆತ್ತನೆಯ ಪಟ್ಟಿ ಕೊಟ್ಟಿದ್ದರೆ ನೋಡಬಹುದು. ಗಂಡಸರು ಇನ್ನೊಂದನ್ನು ಗಮನಿಸಬೇಕು: ಒಳಪದರದ ಮುಂಭಾಗ ಮೇಲೆತ್ತಿ ಹಿಡಿಯುವಷ್ಟು ಬಿಗಿಯಿರಬೇಕು, ವೃಷಣಗಳು ತೊಡೆಯ ನಡುವೆ ಸಿಕ್ಕುವಂತೆ ಇಳಿಬಿಡಬಾರದು. ಹೆಂಗಸರ ಶಾರ್ಟ್ಸ್‌ನಲ್ಲಿ ಕವಲಿನ, ಅಂದರೆ ಎರಡು ಕಾಲು ಕೂಡುವ ಜಾಗದ, ತುಂಡಿನ ಅಗಲ ಮುಖ್ಯ. ಅದು ಕಿರಿದಾದರೆ ಎರಡೂ ಅಂಚು ಒಳಕ್ಕೆ ಸರಿದು ಕತ್ತರಿಸುತ್ತವೆ. ಮುಟ್ಟಿನ ದಿನಗಳಲ್ಲಿ ಜಾಲರಿಯ ಒಳಪದರಕ್ಕೆ ಪ್ಯಾಡ್ ನಿಲ್ಲುವುದಿಲ್ಲ. ಹೊಲಿಗೆ ಮಟ್ಟಸವಾದ ಒಳಚಡ್ಡಿಯ ಮೇಲೆ ಹಾಫ್ ಟೈಟ್ಸ್ ತೊಟ್ಟರೆ ಅಲುಗಾಡದೆ ಇರುತ್ತದೆ. ಸೊಂಟಕ್ಕೂ ಹಿಂಬದಿಗೂ ಅಳತೆಯಲ್ಲಿ ವ್ಯತ್ಯಾಸ ಹೆಚ್ಚಿರುವವರು ಸೊಂಟಕ್ಕೆ ಸೈಜ್ ಹಿಡಿದರೆ ಚಡ್ಡಿ ಹಿಂಬದಿಯಲ್ಲಿ ಎಳೆದು ಮೇಲೇರುತ್ತದೆ. ಹಿಂಬದಿಗೆ ಸೈಜ್ ಹಿಡಿದು ಸೊಂಟವನ್ನು ಲಾಡಿಯಿಂದ ಸರಿಮಾಡಿಕೊಳ್ಳುವುದೇ ಮೇಲು.

ಹೊರ ಬಟ್ಟೆ ಇಷ್ಟವಾಗಿ ಒಳಪದರ ಮಾತ್ರ ಹೊಂದದಿದ್ದರೆ ಅದನ್ನು ತೆಗೆದುಹಾಕಿ ಒಳಗೆ ಬೇರೆ ಹಾಫ್ ಟೈಟ್ಸ್ ತೊಡಬಹುದು. ಒಳಪದರವನ್ನು ಸೊಂಟದ ಎಲಾಸ್ಟಿಕ್ ಜೊತೆಗೇ ಸೇರಿಸಿ ಹೊಲಿದಿರುವುದರಿಂದ ಹೊಲಿಗೆ ಬಿಚ್ಚಲು ಹೋದರೆ ಪಟ್ಟಿಯೇ ಕಳಚುತ್ತದೆ. ಸಣ್ಣ ಕತ್ತರಿಯಿಂದ ಹೊಲಿಗೆಗೆ 3–4 ಮಿಲಿಮೀಟರ್ ಬಿಟ್ಟು ಕತ್ತರಿಸುತ್ತ ಸುತ್ತ ಬನ್ನಿ. ಹೀಗೆ ಮಾಡಿದ ಚಡ್ಡಿಯನ್ನು ಬರಿ ಮೈಮೇಲೆ ತೊಡಬಾರದು, ಕತ್ತರಿಸಿದ ಜಾಲರಿಯ ಅಂಚು ಒರಟು.

ಬಟ್ಟೆಯ ವಿಷಯಕ್ಕೆ ಬಂದರೆ, ಹತ್ತಿ ಬೇಡ ಎನ್ನುವುದು ಎಲ್ಲರಿಗೂ ಗೊತ್ತು, ಕಾರಣವೂ ಸರಳ. ಸಾಮಾನ್ಯ ಗಾಳಿಯಲ್ಲಿ ಇಟ್ಟರೇ ಹತ್ತಿಯ ನಾರು ತನ್ನ ತೂಕದ ಸುಮಾರು ನೂರಕ್ಕೆ 7–8ರಷ್ಟು ತೇವ ಹೀರುತ್ತದೆ, ನೈಲಾನ್ ಸುಮಾರು 4, ಪಾಲಿಯೆಸ್ಟರ್ 0.4ರ ಆಸುಪಾಸು. ಪಾಲಿಯೆಸ್ಟರ್ ಬಟ್ಟೆಯಲ್ಲಿ ನೀರು ನಾರಿನ ಒಳಗೆ ಹೋಗದೆ ಎಳೆಗಳ ನಡುವಿನ ಸಂದಿನಲ್ಲಿ ಉಳಿಯುತ್ತದೆ, ಹಾಗಾಗಿ ಬೇಗ ಆರುತ್ತದೆ. ನೈಲಾನ್ ಸ್ವಲ್ಪ ನಿಧಾನ, ಆದರೆ ಮೆತ್ತಗೆ ಮತ್ತು ಸವೆತಕ್ಕೆ ಗಟ್ಟಿ; ಹಾಫ್ ಟೈಟ್ಸ್‌ಗೆ ನನಗೆ ನೈಲಾನೇ ಇಷ್ಟ. ಸಡಿಲ ಚಡ್ಡಿಯ ಹೊರ ಬಟ್ಟೆ ಚದರ ಮೀಟರಿಗೆ 70–100 ಗ್ರಾಂ ತೂಗುವ ನೇಯ್ಗೆಯಾದರೆ ಸಾಕು. ಹಾಫ್ ಟೈಟ್ಸ್‌ನ ಹೆಣಿಗೆ ಬಟ್ಟೆ 180ರಿಂದ 250 ಗ್ರಾಂ, ಅದರಲ್ಲಿ ಎಲಾಸ್ಟೇನ್, ಅಂದರೆ ರಬ್ಬರಿನಂತೆ ಹಿಗ್ಗುವ ನಾರು, ನೂರಕ್ಕೆ 15–25ರಷ್ಟು ಇದ್ದರೆ ತೊಡೆಯನ್ನು ಹಿಡಿದು ನಿಲ್ಲುತ್ತದೆ. ಹಗುರವಾದಷ್ಟೂ ಒಳ್ಳೆಯದು ಎಂದು ತೀರಾ ತೆಳುವಿಗೆ ಹೋಗಬೇಡಿ: ನುಣುಪಾದ ತೆಳು ಬಟ್ಟೆ ನೆಂದರೆ ಚರ್ಮಕ್ಕೆ ಹಾಳೆಯಂತೆ ಹತ್ತಿಕೊಳ್ಳುತ್ತದೆ. ಮೇಲ್ಮೈ ಸ್ವಲ್ಪ ಗುಬುಟು ಗುಬುಟಾಗಿದ್ದರೆ, ಇಲ್ಲವೇ ಸಣ್ಣ ರಂಧ್ರಗಳಿದ್ದರೆ, ಅಷ್ಟು ಅಂಟುವುದಿಲ್ಲ. ತೆಳು ಬಟ್ಟೆಯ ಇನ್ನೊಂದು ತೊಂದರೆ ಒಳಗಿನದು ಕಾಣುವುದು. ಉಡುಪು ನೆನೆದರೂ ಪಾರದರ್ಶಕವಾಗಬಾರದು ಎಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್‌ನ ನಿಯಮದಲ್ಲೇ ಇದೆ. ತಿಳಿ ಬಣ್ಣದ್ದನ್ನು ಆರಿಸಿದರೆ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿ. ಅಂಗೈ ರೇಖೆಗಳು ಕಂಡರೆ ಅದು ಬೇಡ.

ಈಗ ಚಡ್ಡಿಯನ್ನು ಒಳಮೈ ಹೊರಗೆ ಮಾಡಿ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಬೆರಳ ತುದಿ ಒರಟಾಗಿರುವುದರಿಂದ ಅದನ್ನು ನಂಬಬೇಡಿ. ಮುಂಗೈಯ ಒಳಭಾಗದ ಮೆತ್ತನೆಯ ಚರ್ಮವನ್ನು ಹೊಲಿಗೆಗಳ ಮೇಲೆ ಒತ್ತಿ ಹಿಂದಕ್ಕೂ ಮುಂದಕ್ಕೂ ಸವರಿ. ಫ್ಲಾಟ್‌ಲಾಕ್ ಹೊಲಿಗೆಯಲ್ಲಿ ಎರಡು ತುಂಡುಗಳ ಅಂಚು ಒಂದೇ ಮಟ್ಟದಲ್ಲಿ ಕೂಡಿರುತ್ತದೆ, ಕೈಗೆ ತಡೆಯುವುದಿಲ್ಲ. ಓವರ್‌ಲಾಕ್‌ನಲ್ಲಿ ಅಂಚುಗಳು ಒಳಕ್ಕೆ ಏಣಾಗಿ ಎದ್ದಿರುತ್ತವೆ; ಅದು ಪಕ್ಕದಲ್ಲಿದ್ದರೆ ಪರವಾಗಿಲ್ಲ, ಒಳತೊಡೆಯಲ್ಲಿ ಬೇಡ. ಆಮೇಲೆ ಕವಲಿನ ಕಡೆ ಬನ್ನಿ. ಮುಂದಿನ ಹೊಲಿಗೆ, ಹಿಂದಿನ ಹೊಲಿಗೆ, ಎರಡು ಕಾಲುಗಳ ಒಳಹೊಲಿಗೆ, ನಾಲ್ಕೂ ಒಂದೇ ಬಿಂದುವಿನಲ್ಲಿ ಬಂದು ಕೂಡಿದ್ದರೆ ಅಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟು ಸಿಗುತ್ತದೆ. ಅತಿ ಹೆಚ್ಚು ಬೆವರುವ, ಅತಿ ಹೆಚ್ಚು ಚಲಿಸುವ ಜಾಗದಲ್ಲೇ ಆ ಗಂಟು. ಒಳ್ಳೆಯ ಹೊಲಿಗೆಯಲ್ಲಿ ಅಲ್ಲಿ ವಜ್ರಾಕಾರದ ಒಂದು ಬೇರೆ ತುಂಡು, ಗಸೆಟ್, ಸೇರಿಸಿರುತ್ತಾರೆ. ಹೊಲಿಗೆಗಳು ನಡುಬಿಂದುವನ್ನು ಬಿಟ್ಟು ಮುಂದಕ್ಕೂ ಹಿಂದಕ್ಕೂ ಹಂಚಿಹೋಗುತ್ತವೆ. ಮೈಗಂಟುವ ಯಾವುದೇ ಪದರದಲ್ಲಿ ಗಸೆಟ್ ಇಲ್ಲದಿದ್ದರೆ ನಾನು ಅದನ್ನು ಉದ್ದ ಓಟಕ್ಕೆ ಪರಿಗಣಿಸುವುದೇ ಇಲ್ಲ. ಜೇಬಿನ ಮೂಲೆಗಳಲ್ಲಿ ಬಲಕ್ಕೆಂದು ಹಾಕಿದ ಒತ್ತು ಹೊಲಿಗೆಗಳು ಒಳಗಡೆ ಮುಳ್ಳಿನಂತೆ ನಿಂತಿಲ್ಲವೇ ನೋಡಿ. ಲೇಬಲ್ ಬಟ್ಟೆಯದಾಗಿದ್ದರೆ ಬುಡಕ್ಕೆ ಕತ್ತರಿಸಬಾರದು. ಉಳಿಯುವ ಮೊಂಡು ತುದಿ ಲೇಬಲ್‌ಗಿಂತ ಹೆಚ್ಚು ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ತೆಗೆಯಬೇಕು. ಬಟ್ಟೆಯ ಮೇಲೆ ಅಚ್ಚು ಹಾಕಿದ್ದಾದರೆ ಚಿಂತೆಯಿಲ್ಲ.

ಸೊಂಟದ ಪಟ್ಟಿ 3–4 ಸೆಂಟಿಮೀಟರ್ ಅಗಲವಿದ್ದು ಒಳಗೆ ಮೆತ್ತನೆಯ ಮುಖವಿದ್ದರೆ ಒತ್ತಡ ಹರಡುತ್ತದೆ. ತೀರಾ ಕಿರಿದಾದರೆ ಕೊರೆಯುತ್ತದೆ. ಮೆದುವಾಗಿದ್ದು ಅಗಲವೂ ಜಾಸ್ತಿಯಾದರೆ ಬಾಗಿದಾಗ ಮಡಚಿ ಸುರುಳಿಯಾಗುತ್ತದೆ. ಎಲಾಸ್ಟಿಕ್ ಒಂದೇ ಸಾಲದು, ಲಾಡಿ ಇರಲೇಬೇಕು, ಏಕೆಂದರೆ ಚಡ್ಡಿ ನೆಂದಾಗ ಇಳಿಯುವ ಭಾರವನ್ನು ತಡೆಯುವುದು ಲಾಡಿ. ದುಂಡು ಲಾಡಿಗಿಂತ ಚಪ್ಪಟೆ ಲಾಡಿ ವಾಸಿ: ಗಂಟು ಚಿಕ್ಕದು, ಬೇಗ ಬಿಚ್ಚಿಕೊಳ್ಳುವುದೂ ಇಲ್ಲ. ಬೆನ್ನ ಕಡೆ ನಡುವಿನಲ್ಲಿ ಲಾಡಿಯನ್ನು ಪಟ್ಟಿಗೆ ಒಂದು ಹೊಲಿಗೆ ಹಾಕಿ ಹಿಡಿದಿದ್ದಾರೆಯೇ ಎಂದು ಎಳೆದು ನೋಡಿ. ಇಲ್ಲದಿದ್ದರೆ ಒಗೆತದಲ್ಲಿ ಒಂದು ತುದಿ ಒಳಗೆ ಸೇರಿಬಿಡುತ್ತದೆ. ಪಟ್ಟಿ ಹೊಟ್ಟೆಯ ಮಡಿಕೆಗೆ ಸರಿಯಾಗಿ ಬರದೆ ಅದಕ್ಕಿಂತ ಮೇಲೋ ಕೆಳಗೋ ಕೂರಬೇಕು. ಓಟದ ನಡುವೆ ನೀರು, ಶಕ್ತಿಗೆಂದು ಹೀರುವ ಸಿಹಿ ಜೆಲ್ ಸೇರಿ ಹೊಟ್ಟೆ ಸ್ವಲ್ಪ ಉಬ್ಬುವುದರಿಂದ ಆರಂಭದಲ್ಲೇ ಬಿಗಿದರೆ ಆಮೇಲೆ ಹೊಟ್ಟೆ ತೊಳಸಿದಂತಾಗುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಸುಲಭವಾಗಿ ಹೋಗುವಷ್ಟು ಜಾಗವಿರಲಿ.

ಜೇಬುಗಳನ್ನು ಎಣಿಸುವುದಕ್ಕಿಂತ ಭಾರ ಎಲ್ಲಿ ಕೂರುತ್ತದೆ ಎಂದು ನೋಡಿ. ಈಗಿನ ಫೋನ್‌ಗಳು ಹೆಚ್ಚಿನವು 170–230 ಗ್ರಾಂ. ಒಂದು ಜೆಲ್ ಪೊಟ್ಟಣ ಸಾಮಾನ್ಯವಾಗಿ 30–40 ಗ್ರಾಂ. ಆರು ಇಟ್ಟುಕೊಂಡರೆ ಇನ್ನೊಂದು ಫೋನಿನ ಭಾರ. ಸಡಿಲ ಚಡ್ಡಿಯ ಪಕ್ಕದ ಜೇಬಿಗೆ ಇದನ್ನು ಹಾಕಿದರೆ ತೊಡೆಗೆ ಬಡಿಯುತ್ತ ಚಡ್ಡಿಯನ್ನು ಒಂದೇ ಕಡೆಗೆ ತಿರುಗಿಸುತ್ತದೆ. ಬೆನ್ನ ಬುಡದಲ್ಲಿ, ಪಟ್ಟಿಗೇ ಸೇರಿದ ಜೇಬಿನಲ್ಲಿ ಭಾರ ಅತಿ ಕಡಿಮೆ ಕುಣಿಯುತ್ತದೆ. ಹಾಫ್ ಟೈಟ್ಸ್‌ನ ತೊಡೆಯ ಪಕ್ಕದ ಬಿಗಿ ಜೇಬೂ ಒಳ್ಳೆಯದು, ಆದರೆ ಬಾಯಿ ಸಡಿಲವಿದ್ದರೆ ಜೆಲ್ ಜಾರುತ್ತದೆ. ಹಿಂಜೇಬಿನಲ್ಲಿ ಫೋನ್ ಇಡುವವರು ಜೇಬಿನ ಮೈ ಕಡೆಯ ಪದರ ನೀರು ತಡೆಯುವಂಥದ್ದೇ ಎಂದು ನೋಡಿ, ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಚೀಲ ಬೇಕಾಗುತ್ತದೆ.

ಒಣ ಪರೀಕ್ಷೆಯನ್ನು ಟ್ಯಾಗ್ ಕೀಳುವ ಮೊದಲೇ ಪೂರ್ತಿ ಮುಗಿಸಬೇಕು, ಒದ್ದೆ ಮಾಡಿದ ಮೇಲೆ ಹಿಂದಿರುಗಿಸಲಾಗದು. ಓಡುವಾಗ ಇಟ್ಟುಕೊಳ್ಳುವ ನಿಜವಾದ ಫೋನ್, ನಿಜವಾದ ಜೆಲ್‌ಗಳನ್ನು ಜೇಬಿಗೆ ತುಂಬಿ. ನಿಂತಲ್ಲೇ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತುತ್ತ ಒಂದು ನಿಮಿಷ ಓಡಿ. ಅಂಚು ತೊಡೆಗೆ ಸಿಕ್ಕಿ ಎಳೆದರೆ ಅಗಲ ಸಾಲದು. ಒಂದು ಕಾಲನ್ನು ದೂರ ಮುಂದಿಟ್ಟು ಮಂಡಿ ಬಗ್ಗಿಸಿ ಕೆಳಗಿಳಿಯಿರಿ. ಬೆನ್ನ ಕಡೆ ಪಟ್ಟಿ ಕೆಳಕ್ಕೆ ಜಾರಿದರೆ ಹಿಂಬದಿಯ ಎತ್ತರ ಕಡಿಮೆ. ಕುಕ್ಕರಗಾಲಲ್ಲಿ ಕೂತು ಏಳಿ. ಎದ್ದ ಮೇಲೆ ಬಟ್ಟೆ ತಾನಾಗಿ ಇಳಿಯಬೇಕು, ಕೈಯಿಂದ ಎಳೆದು ಸರಿಮಾಡುವಂತಾದರೆ ಆ ಕೆಲಸ ಓಟದ ಉದ್ದಕ್ಕೂ ಇರುತ್ತದೆ. ಕೊನೆಗೆ ಅರ್ಧ ಗಂಟೆ ತೊಟ್ಟುಕೊಂಡೇ ಓಡಾಡಿ, ತೆಗೆದು, ಚರ್ಮದ ಮೇಲೆ ಬಿದ್ದ ಗುರುತು ನೋಡಿ. ತೆಳು ಗೆರೆ ಸಹಜ. ಹಲ್ಲು ಮೂಡಿದಂತೆ ಆಳವಾದ ಗುರುತು ಹತ್ತು ನಿಮಿಷವಾದರೂ ಹೋಗದಿದ್ದರೆ ಅದು ಬಿಗಿ.

ಇದರಲ್ಲಿ ಪಾಸಾದದ್ದನ್ನು ಒಮ್ಮೆ ಒಗೆದುಬಿಡಿ, ಹೊಸ ಬಟ್ಟೆಯ ಮೇಲಿನ ಗಂಜಿ, ಹೆಚ್ಚಿನ ಬಣ್ಣ ಹೋಗಲಿ. ಆಮೇಲೆ ಒದ್ದೆ ಪರೀಕ್ಷೆ. ಚಡ್ಡಿಯನ್ನು ನೀರಲ್ಲಿ ಪೂರ್ತಿ ಮುಳುಗಿಸಿ, ಕೈಯಿಂದ ಹಿಂಡಿ, ಹಾಗೇ ತೊಟ್ಟು 20–30 ನಿಮಿಷ ಓಡಿ. ಗಂಟೆಗಟ್ಟಲೆ ಬೆವರಿದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಹೊರಬೀಳುತ್ತವೆ: ಅಂಚು ಮೇಲೇರುವುದು, ಪಟ್ಟಿ ಇಳಿಯುವುದು, ಜೇಬು ಜೋತುಬೀಳುವುದು, ತೊಡೆಗೆ ಅಂಟಿ ಪಟಪಟ ಎನ್ನುವುದು. ಸಣ್ಣ ತಕ್ಕಡಿ ಇದ್ದರೆ ಒಣ ತೂಕ, ಹಿಂಡಿದ ಮೇಲಿನ ತೂಕ ಎರಡನ್ನೂ ನೋಡಿ. ಎರಡು ಚಡ್ಡಿಗಳಲ್ಲಿ ಒಂದನ್ನು ಆರಿಸುವಾಗ ನೀರು ಕಡಿಮೆ ಹಿಡಿದದ್ದೇ ನನ್ನ ಆಯ್ಕೆ. ಈ ಪರೀಕ್ಷೆಯಲ್ಲಿ ಕಾಣದ್ದು ಉಪ್ಪು ಮಾತ್ರ. ಅದಕ್ಕೆ 8–10 ಕಿಲೋಮೀಟರ್‌ನ ಒಂದು ಓಟ, ನಂತರ ಎರಡು ಗಂಟೆ ಮೀರುವ ಲಾಂಗ್ ರನ್ ಬೇಕೇ ಬೇಕು. ರೇಸ್ ದಿನ ತೊಡುವ ಜೊತೆಯಲ್ಲಿ ಕನಿಷ್ಠ ಎರಡು ಲಾಂಗ್ ರನ್ ಆಗಿರಲಿ, ಅವುಗಳಲ್ಲಿ ಒಂದು ತಯಾರಿಯ ಅತಿ ಉದ್ದದ್ದು, ರೇಸ್‌ನ ವೇಗದ ಭಾಗವೂ ಅದರಲ್ಲಿರಲಿ. ವೇಗ ಹೆಚ್ಚಿದಾಗ ಹೆಜ್ಜೆ ಉದ್ದವಾಗಿ, ನಿಧಾನ ಓಟದಲ್ಲಿ ಸುಮ್ಮನಿದ್ದ ಅಂಚು ಸಿಕ್ಕಿಕೊಳ್ಳಲು ಶುರುವಾಗಬಹುದು.

ಪೆಟ್ರೋಲಿಯಂ ಜೆಲ್ಲಿ ಅಥವಾ ಕಡ್ಡಿಯ ರೂಪದ ಬಾಮ್ ಹಚ್ಚುವುದು ಸರಿಯೇ, ಆದರೆ ಅದು ಸರಿಯಾದ ಚಡ್ಡಿಗೆ ಕೊಡುವ ಬೆಂಬಲ. ಹೊಂದದ ಚಡ್ಡಿಯನ್ನು ಅದು ಹೊಂದಿಸದು. ಓಟಕ್ಕೆ ಹತ್ತು ನಿಮಿಷ ಮೊದಲು, ಒಣ ಚರ್ಮಕ್ಕೆ, ತೊಡೆಸಂದಿನ ಮಡಿಕೆ, ಒಳತೊಡೆ, ಬೆನ್ನ ಬುಡ, ಈ ಮೂರು ಕಡೆ ತೆಳುವಾಗಿ ಹಚ್ಚಿ. ಮೂರು ಗಂಟೆ ಮೀರುವುದಾದರೆ ನಡುವೆ ಇನ್ನೊಮ್ಮೆ ಬೇಕಾಗುತ್ತದೆ. ಪೌಡರ್ ಬೇಡ, ಬೆವರಿಗೆ ಮುದ್ದೆಯಾಗುತ್ತದೆ. ತೊಡೆಸಂದಿನ ಕೂದಲನ್ನು ಉದ್ದ ಓಟದ ಹಿಂದಿನ ದಿನ ಬೋಳಿಸಬೇಡಿ, ಚಿಗುರುವ ಮೊಂಡು ಕೂದಲು ಉರಿಯನ್ನು ಹೆಚ್ಚಿಸುತ್ತದೆ. ತರಚಿದ ಜಾಗ ಮಾಯುವವರೆಗೆ ಅದೇ ಚಡ್ಡಿ ತೊಡದಿರುವುದು ಒಳ್ಳೆಯದು. ಉರಿಗಿಂತ ತುರಿಕೆ ಹೆಚ್ಚಿದ್ದು, ಅಂಚು ಕೆಂಪಾಗಿ ಹರಡುತ್ತಿದ್ದರೆ ಅದು ಬೂಷ್ಟಿನ ಸೋಂಕಿರಬಹುದು, ವೈದ್ಯರಿಗೆ ತೋರಿಸಿ.

ಒಗೆಯುವುದರಲ್ಲಿ ಹೆಚ್ಚು ಗುಟ್ಟಿಲ್ಲ. ಓಡಿ ಬಂದ ತಕ್ಷಣ ತಣ್ಣೀರಲ್ಲಿ ಜಾಲಿಸಿದರೆ ಉಪ್ಪು ಹೋಗುತ್ತದೆ. ಒಳಮೈ ಹೊರಗೆ ಮಾಡಿ, ಜಿಪ್ ಹಾಕಿ, 30 ಡಿಗ್ರಿ ಮೀರದ ನೀರಲ್ಲಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ನಾರಿನ ಮೇಲೆ ಪದರ ಕಟ್ಟಿ ಬಟ್ಟೆ ಬೆವರನ್ನು ಹರಡುವುದನ್ನೇ ತಡೆಯುತ್ತದೆ, ಅದನ್ನು ಮುಟ್ಟಬೇಡಿ. ಕ್ಲೋರಿನ್ ಬ್ಲೀಚ್, ಡ್ರೈಯರ್‌ನ ಬಿಸಿ ಎರಡೂ ಎಲಾಸ್ಟೇನ್ ಅನ್ನು ಕೊಲ್ಲುತ್ತವೆ. ನೆರಳಲ್ಲಿ ಒಣಗಿಸಿ.

ಎಲಾಸ್ಟಿಕ್ ಸೋತದ್ದು ತೊಡುವವರಿಗೆ ಬೇಗ ತಿಳಿಯುವುದಿಲ್ಲ, ಲಾಡಿಯನ್ನು ದಿನದಿನಕ್ಕೆ ಒಂದಿಷ್ಟು ಹೆಚ್ಚು ಬಿಗಿಯುತ್ತ ಹೋಗುತ್ತೇವೆ. ಅದಕ್ಕೇ ಹೊಸತರಲ್ಲಿ ಪಟ್ಟಿಯನ್ನು ಹಾಸಿ ಅಳೆದು ಬರೆದಿಡಿ, ಕಾಲಿನ ಅಂಚನ್ನೂ. ಕೆಲವು ತಿಂಗಳ ನಂತರ ಅದೇ ಅಳತೆ ತೆಗೆದಾಗ ಪಟ್ಟಿ 2–3 ಸೆಂಟಿಮೀಟರ್ ಬೆಳೆದಿದ್ದರೆ, ಹಿಗ್ಗಿಸಿ ಬಿಟ್ಟಾಗ ಅಲೆಅಲೆಯಾಗಿ ನಿಂತರೆ, ಹಾಫ್ ಟೈಟ್ಸ್‌ನ ತೊಡೆಯಲ್ಲಿ ಹೊಳೆಯುವ ಸಣ್ಣ ಎಳೆಗಳು ಹೊರಬಂದಿದ್ದರೆ, ಒಳತೊಡೆಯ ಬಟ್ಟೆ ಗುಳ್ಳೆಗುಳ್ಳೆಯಾಗಿ ಒರಟಾಗಿದ್ದರೆ, ಲಾಂಗ್ ರನ್‌ನಿಂದ ಅದನ್ನು ಬಿಡಿಸಿ ಚಿಕ್ಕ ಓಟಗಳಿಗೆ ಇಟ್ಟುಕೊಳ್ಳಿ. ಪೂರ್ತಿ ಹೊಂದಿದ ಜೊತೆ ಸಿಕ್ಕಿತೆಂದರೆ ಅದೇ ಮಾದರಿಯ ಇನ್ನೊಂದನ್ನು ಆಗಲೇ ತಂದಿಟ್ಟುಕೊಳ್ಳುವುದು ಜಾಣತನ. ತಯಾರಕರು ಹೆಸರು ಹಾಗೇ ಉಳಿಸಿ ಕಟ್, ಬಟ್ಟೆ, ಒಳಪದರ ಬದಲಿಸುವುದು ಸಾಮಾನ್ಯ. ಅದೇ ಹೆಸರಿನ ಹೊಸ ಆವೃತ್ತಿ ಕೈಗೆ ಬಂದರೂ ಬರೆದಿಟ್ಟ ಅಳತೆಗಳ ಜೊತೆ ಹೋಲಿಸಿ, ಗಸೆಟ್ ಇದೆಯೇ ನೋಡಿ, ಆಮೇಲೆ ಟ್ಯಾಗ್ ಕೀಳಿ.